ಆಸ್ಟನ್ ಪಿಸ್ತೂಲಿನ ತುಕ್ಕು ಬಿಡಿಸಿದ ಆರು ವಾರ

ಮೊದಲ ಶನಿವಾರ. ನಳಿಗೆಯೊಳಗೆ ಇಳಿಬಿಟ್ಟ ಮರದ ಕಡ್ಡಿ ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿ ನಿಲ್ಲಲಿಲ್ಲ. ನಳಿಗೆಯ ಬಾಯಿಗೆ ಸರಿಯಾಗಿ ಕಡ್ಡಿಯ ಮೇಲೆ ಪೆನ್ಸಿಲ್ ಗುರುತು ಹಾಕಿ, ಹೊರಗೆ ತೆಗೆದು, ನಳಿಗೆಯ ಹೊರಮೈಗೆ ಒತ್ತಿ ಹಿಡಿದು ನೋಡಿದೆ. ಒಳಗೆ ಏನೂ ಇಲ್ಲದಿದ್ದರೆ ಕಡ್ಡಿಯ ತುದಿ ಕೇಪು (ಪೆಟ್ಟು ಬಿದ್ದಾಗ ಕಿಡಿ ಹಾರಿಸಿ ಮದ್ದಿಗೆ ಬೆಂಕಿ ಕೊಡುವ ಪುಟ್ಟ ಲೋಹದ ಟೋಪಿ) ಕೂರುವ ನಿಪ್ಪಲ್‌ನ ಬುಡದ ತನಕ ಬರಬೇಕು. ಎರಡು ಬೆರಳಗಲ ಮೊದಲೇ ನಿಂತಿತ್ತು. ಹಳೆಯ ಕೋವಿಯ ನಳಿಗೆಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂದರೆ, ಬೇರೇನೋ ಎಂದು ಕಣ್ಣಾರೆ ಕಾಣುವ ತನಕ ಅದನ್ನು ಮದ್ದುಗುಂಡು ಎಂದೇ ತಿಳಿಯಬೇಕು. ಕರಿಮದ್ದು ಒಣಗಿದ್ದರೆ ನೂರೈವತ್ತು ವರ್ಷ ಕಳೆದರೂ ಸಾಯುವುದಿಲ್ಲ. ಪಿಸ್ತೂಲನ್ನು ಗೋಡೆಯ ಕಡೆಗೆ ಬಾಯಿ ಮಾಡಿ ಮೇಜಿನ ಮೇಲಿಟ್ಟು ಕೋಣೆಗೆ ಬೀಗ ಹಾಕಿದೆ. ಆ ವಾರ ಬೇರೆ ಯಾವ ಕೆಲಸವನ್ನೂ ಶುರು ಮಾಡಲಿಲ್ಲ.

ಪಿಸ್ತೂಲು ಯಾವುದೆಂದು ಹೇಳಿಬಿಡುತ್ತೇನೆ. ಅಮೆರಿಕದ ಸೈನ್ಯದ 1842ರ ಮಾದರಿ. ಕಿಡಿಕಲ್ಲಿನ ಕಾಲ ಮುಗಿದು ಕೇಪಿನ ಕಾಲ ಬಂದಾಗ ಅಲ್ಲಿನ ಕುದುರೆ ಸವಾರರಿಗೆಂದು ಗೊತ್ತುಮಾಡಿದ ಒಂಟಿ ಗುಂಡಿನ ಪಿಸ್ತೂಲು. ನಳಿಗೆ ಎಂಟೂವರೆ ಇಂಚು, ತುದಿಯಿಂದ ತುದಿಗೆ ಸುಮಾರು 14 ಇಂಚು. ನಳಿಗೆಯ ಒಳ ಅಗಲ 54 ಕ್ಯಾಲಿಬರ್ (0.54 ಇಂಚು), ಎಂದರೆ ಹತ್ತಿರ ಹತ್ತಿರ 13.7 ಮಿಲಿಮೀಟರ್, ನನ್ನ ಕಿರುಬೆರಳು ಸಲೀಸಾಗಿ ಒಳಗೆ ಹೋಗುತ್ತದೆ. ಕನೆಕ್ಟಿಕಟ್ ನದಿಯ ದಡದ ಮಿಡ್ಲ್‌ಟೌನ್ ಊರಿನ ಹೆನ್ರಿ ಆಸ್ಟನ್ 1845ರಲ್ಲಿ 30,000 ಪಿಸ್ತೂಲು ಮಾಡಿಕೊಡಲು ಸರ್ಕಾರದೊಂದಿಗೆ ಕರಾರು ಮಾಡಿಕೊಂಡ; ಒಂದಕ್ಕೆ ಆರೂವರೆ ಡಾಲರ್. ಅವನ ಜೊತೆಗಿದ್ದ ಐರಾ ಜಾನ್ಸನ್ 1851ರಲ್ಲಿ ಇನ್ನೂ 10,000ಕ್ಕೆ ಬೇರೆ ಕರಾರು ಪಡೆದ. ಸಂಗ್ರಹಕಾರರಿಗೆ ಇದು ಅಪರೂಪದ ವಸ್ತುವೇನೂ ಅಲ್ಲ. ನನಗೆ ಬೇಕಾಗಿದ್ದದ್ದೂ ಅಪರೂಪವಲ್ಲ. ನಾನು ದಿನವೂ ಕೆಲಸಕ್ಕೆ ಹೋಗುವ ದಾರಿಯಲ್ಲಿ ಮಿಡ್ಲ್‌ಟೌನ್ ಸಿಗುತ್ತದೆ. ಅದೇ ಊರಿನಲ್ಲಿ ಪಿಸ್ತೂಲು ಕಾರ್ಖಾನೆ ನಡೆಸಿದ ಸಿಮಿಯನ್ ನಾರ್ತ್ 1813ರಲ್ಲಿ 20,000 ಪಿಸ್ತೂಲುಗಳ ಕರಾರು ಹಿಡಿದಾಗ, ಒಂದರ ಭಾಗ ಇನ್ನೊಂದಕ್ಕೆ ಕೂರಬೇಕು ಎಂಬ ಷರತ್ತಿಗೆ ಒಪ್ಪಿದ್ದ. ಕೈಯಿಂದ ಅರ ಹಾಕಿ ಒಂದೊಂದನ್ನೂ ಬೇರೆ ಬೇರೆಯಾಗಿ ಹೊಂದಿಸುತ್ತಿದ್ದ ಕಮ್ಮಾರಿಕೆ ಕಾರ್ಖಾನೆಯಾಗಿ ಬದಲಾದದ್ದು ಈ ಕಣಿವೆಯಲ್ಲಿ. ಆ ಬದಲಾವಣೆಯ ಒಂದು ತುಂಡು ನನ್ನ ಕೈಯಲ್ಲಿರಲಿ ಎಂದು ಬಹಳ ದಿನದಿಂದ ಆಸೆಯಿತ್ತು.

ಇನ್ನೊಂದು ಕಾರಣವೂ ಇದೆ. ತೀರ್ಥಹಳ್ಳಿಯ ಕಡೆ ನಮ್ಮ ಅಜ್ಜನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಮಳೆಗಾಲ ಮುಗಿದ ಮೇಲೆ ಅಜ್ಜ ಗಜಕ್ಕೆ (ನಳಿಗೆಯೊಳಗೆ ಮದ್ದು ಜಡಿಯುವ ಉದ್ದ ಕಡ್ಡಿಗೆ) ಬಟ್ಟೆ ಸುತ್ತಿ, ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ನಳಿಗೆಯೊಳಗೆ ಎಳೆದಾಡುತ್ತಿದ್ದ. ನಳಿಗೆ, ಗಜ, ಕುದುರೆ, ಕೇಪು, ಮದ್ದು, ಚರೆ: ಈ ಪದಗಳೆಲ್ಲ ಶಾಲೆಗೆ ಹೋಗುವ ಮೊದಲೇ ನನಗೆ ಗೊತ್ತಿದ್ದವು. ಕೇಪಿಗೆ ಬಡಿಯುವ, ಇಂಗ್ಲಿಷಿನಲ್ಲಿ ಹ್ಯಾಮರ್ ಎನ್ನುವ ಭಾಗವನ್ನು ನಾವು ಕುದುರೆ ಎನ್ನುತ್ತೇವೆ. ಈ ದಾಖಲೆಯಲ್ಲೂ ಹಾಗೆಯೇ ಬರೆಯುತ್ತೇನೆ.

ಇದನ್ನು ಕೊಂಡದ್ದು ಹಳೆಯ ಮನೆಯೊಂದರ ಸಾಮಾನು ಮಾರಾಟದಲ್ಲಿ. ಕೊಟ್ಟಿದ್ದು ನನ್ನ ಒಂದು ತಿಂಗಳ ಬಾಡಿಗೆಯಷ್ಟು ಹಣ. 1898 ಅಥವಾ ಅದಕ್ಕಿಂತ ಮೊದಲು ತಯಾರಾದ ಇಂಥವನ್ನು ಅಮೆರಿಕದ 1968ರ ಕೇಂದ್ರ ಕಾನೂನು ಪ್ರಾಚೀನ ವಸ್ತುವೆಂದೇ ಎಣಿಸುತ್ತದೆ. ರಾಜ್ಯ ರಾಜ್ಯಕ್ಕೆ ನಿಯಮ ಬೇರೆಯಿರುವುದರಿಂದ ಕೊಳ್ಳುವ ಮೊದಲು ಅದನ್ನೂ ವಿಚಾರಿಸಿಕೊಂಡೆ. ಇದರಿಂದ ಗುಂಡು ಹಾರಿಸುವ ಉದ್ದೇಶ ಮೊದಲಿನಿಂದಲೂ ಇರಲಿಲ್ಲ, ಈಗಲೂ ಇಲ್ಲ.

ಎರಡನೆಯ ಶನಿವಾರ. ಕರಿಮದ್ದಿನ ಕೋವಿಗಳನ್ನೇ ಐವತ್ತು ವರ್ಷ ರಿಪೇರಿ ಮಾಡಿದ ಹಿರಿಯರೊಬ್ಬರ ಬಳಿಗೆ ಒಯ್ದೆ. ಫೋನಿನಲ್ಲಿ ಮೊದಲೇ ವಿಷಯ ತಿಳಿಸಿದ್ದೆ. ಅವರು ನನ್ನ ಕಡ್ಡಿಯನ್ನು ನಂಬದೆ ತಮ್ಮ ಹಿತ್ತಾಳೆ ಗಜದಿಂದ ಮತ್ತೆ ಅಳೆದು, "ಸರಿ, ತುಂಬಿದೆ ಎಂದೇ ಇಟ್ಟುಕೊಳ್ಳೋಣ" ಎಂದರು. ನಿಪ್ಪಲ್‌ನ ತೂತಿನಿಂದ ಎಣ್ಣೆಯನ್ನು ಒಳಗೆ ಇಳಿಬಿಟ್ಟು ಮೂರು ದಿನ ತಮ್ಮಲ್ಲೇ ಇರಿಸಿಕೊಂಡರು. ಮದ್ದಿದ್ದರೆ ಅದು ನೆನೆದು ಕೆಸರಾಗಬೇಕೆಂಬುದು ಲೆಕ್ಕ. ಮಂಗಳವಾರ ಸಂಜೆ ಹೋದಾಗ ಸುರುಳಿ ಮೊನೆಯ ಗಜವನ್ನು ಮೆಲ್ಲನೆ ತಿರುಗಿಸಿ ಎಳೆದರು. ಹೊರಗೆ ಬಂದದ್ದು ಕಂದು ಬಣ್ಣದ ಮಣ್ಣು. ಇನ್ನೊಮ್ಮೆ ತಿರುಗಿಸಿದಾಗ ಗೋಡೆಯಂತೆ ನಯವಾಗಿ ಮೆತ್ತಿದ ಮಣ್ಣಿನ ಚಿಕ್ಕ ಚಿಕ್ಕ ಗೂಡುಗಳು, ಅವುಗಳಲ್ಲಿ ಜೇಡಗಳ ಒಣ ಕಾಲುಗಳು. ಕುಂಬಾರ ಹುಳ! ಯಾವುದೋ ಕೊಟ್ಟಿಗೆಯ ಗೋಡೆಗೆ ಪಿಸ್ತೂಲನ್ನು ತೂಗುಹಾಕಿದ್ದ ವರ್ಷಗಳಲ್ಲಿ ಅದು ಒಳಗೆ ಮನೆ ಕಟ್ಟಿದೆ. ಮತ್ತೆ ಅಳೆದಾಗ ಗಜ ತಳ ಮುಟ್ಟಿತು.

ಹೆದರಿದ್ದು ವ್ಯರ್ಥವಾಯಿತೆಂದು ನನಗೆ ಒಂದು ಕ್ಷಣವೂ ಅನಿಸಲಿಲ್ಲ. ಆ ಹಿರಿಯರು ಇದೇ ಮೇಜಿನ ಮೇಲೆ ನಿಜವಾದ ಗುಂಡುಗಳನ್ನೂ ಹೊರತೆಗೆದಿದ್ದಾರೆ. ಹಳೆಯ ಪಿಸ್ತೂಲು ಕೊಂಡವರು ಮನೆಗೆ ತಂದ ಮೊದಲ ದಿನವೇ ಕಡ್ಡಿ ಇಳಿಬಿಟ್ಟು ನೋಡಿ. ಅಳತೆ ತಪ್ಪಿದರೆ ಸ್ವಂತ ಕೈಯಿಂದ ಏನನ್ನೂ ಮಾಡಬೇಡಿ.

ದೀಪದ ಬೆಳಕಿನಲ್ಲಿ ನಳಿಗೆಯೊಳಗೆ ನೋಡಿದರೆ ಆ ಮಣ್ಣು ಮಾಡಿದ ಕೇಡು ಕಾಣುತ್ತಿತ್ತು. ಗೂಡು ಇದ್ದ ಜಾಗದಲ್ಲಿ ಬಳೆಯಂತೆ ಸುತ್ತಲೂ ಕುಳಿಗಳು ಬಿದ್ದಿವೆ. ಮಣ್ಣು ತೇವವನ್ನು ಹೀರಿ ಹಿಡಿದಿಟ್ಟುಕೊಂಡಿತು, ಕಬ್ಬಿಣ ಅಲ್ಲಿಯೇ ತಿಂದುಹೋಯಿತು. ನಿಪ್ಪಲ್‌ನ ಸುತ್ತ ಇರುವ ಕುಳಿಗಳ ಕಾರಣ ಬೇರೆ. ಅಂದಿನ ಕೇಪಿನ ಮಸಾಲೆಯಲ್ಲಿ ಪಾದರಸದ ಫಲ್ಮಿನೇಟ್ ಜೊತೆಗೆ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಸಿಪಾಯಿ ಅಂದು ರಾತ್ರಿಯೇ ಬಿಸಿನೀರಿನಲ್ಲಿ ತೊಳೆಯದಿದ್ದರೆ ಮುಂದಿನ ಮಳೆಯ ಹೊತ್ತಿಗೆ ತುಕ್ಕು. ಆ ಜಾಗವನ್ನು ಮುಟ್ಟುವಾಗಲೆಲ್ಲ ಕೈಗವಸು ಹಾಕಿಕೊಂಡೆ.

ಮೂರನೆಯ ವಾರ ಪೂರ್ತಿ ಲಾಕಿಗೆ ಹೋಯಿತು. ಕುದುರೆ, ಸ್ಪ್ರಿಂಗು, ಕೊಂಡಿಗಳೆಲ್ಲ ಸೇರಿಸಿ ಕೂರಿಸಿರುವ ಕಬ್ಬಿಣದ ತಗಡೇ ಲಾಕ್. ಅದನ್ನು ಎಡಗಡೆಯಿಂದ ಬರುವ ಎರಡು ತಿರುಪುಗಳು ಮರಕ್ಕೆ ಹಿಡಿದಿಟ್ಟಿರುತ್ತವೆ. ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರಿನ ಬಾಯಿ ಬೆಣೆಯ ಹಾಗೆ ಇಳಿಜಾರಾಗಿರುತ್ತದೆ. ಅದು ತಿರುಪಿನ ಸೀಳಿನ ಮೇಲಂಚಿಗೆ ಮಾತ್ರ ತಾಗಿ, ಜಾರಿ, ಅಂಚನ್ನು ಹರಿದುಹಾಕುತ್ತದೆ. ಎರಡು ಸ್ಕ್ರೂಡ್ರೈವರುಗಳ ಬಾಯಿಯನ್ನು ಸೀಳಿಗೆ ಬಿಗಿಯಾಗಿ ಕೂರುವ ಹಾಗೆ ಸಾಣೆ ಹಿಡಿದುಕೊಂಡೆ. ಅದಕ್ಕೇ ಒಂದು ಸಂಜೆ ಬೇಕಾಯಿತು. ಮುಂದಿನ ತಿರುಪು ಸಲೀಸಾಗಿ ಬಂತು. ಹಿಂದಿನದು ಅಲ್ಲಾಡಲಿಲ್ಲ. ಸೂಜಿಯ ತುದಿಯಿಂದ ಒಂದು ಹನಿ ತೆಳು ಎಣ್ಣೆ ಬಿಟ್ಟೆ, ಎರಡು ಹನಿಯಾದರೆ ಮರ ಕುಡಿದು ಕಪ್ಪಾಗುತ್ತದೆ. ಮರುದಿನ ಇನ್ನೊಂದು ಹನಿ. ನಾಲ್ಕನೆಯ ದಿನ ಅದು ಕಾಲು ಸುತ್ತು ತಿರುಗಿತು. ಹೊರಗೆ ತೆಗೆದು ನೋಡಿದರೆ ಅದರ ಮೈಮೇಲಿನ ಸುರುಳಿ ಗೀರುಗಳು ಬೇರೆ ಲೆಕ್ಕದವು. ಮುಂದಿನ ತಿರುಪಿನದಕ್ಕೂ ಇದಕ್ಕೂ ಹೊಂದುವುದಿಲ್ಲ. ಯಾವುದೋ ಕಾಲದಲ್ಲಿ ಯಾರೋ ಸಿಕ್ಕಿದ ತಿರುಪನ್ನು ಒತ್ತಾಯದಿಂದ ಕೂರಿಸಿದ್ದಾರೆ. ಸರಿಯಾದ ತಿರುಪು ಮಾಡಿಸಿ ಹಾಕಬಹುದಿತ್ತು. ಹಾಕಲಿಲ್ಲ. ಆ ರಿಪೇರಿಯೂ ಬಹಳ ಹಳೆಯದು, ಅದಕ್ಕೂ ಮೂಲ ತಿರುಪಿನಷ್ಟೇ ಕಂದು ಹತ್ತಿದೆ. ಬಿಗಿಯಾಗಿ ಹಿಡಿಯುತ್ತಿರುವ ತನಕ ಅದು ಅಲ್ಲೇ ಇರಲಿ ಎಂದು ತೀರ್ಮಾನಿಸಿದೆ.

ಲಾಕನ್ನು ಮರದಿಂದ ಬಿಡಿಸುವಾಗ ಮುಂದುಗಡೆಯಿಂದ ಏನನ್ನೂ ತೂರಿಸಿ ಎತ್ತಬಾರದು. ಸುತ್ತಲಿನ ಮರದ ಅಂಚು ಚಕ್ಕೆ ಏಳುವುದು ಅದರಿಂದಲೇ. ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿ, ಎರಡೂ ತಿರುಪುಗಳನ್ನು ಮತ್ತೆ ಹಾಕಿ ನಾಲ್ಕೈದು ಸುತ್ತು ಸಡಿಲವಾಗಿಯೇ ಬಿಟ್ಟು, ಅವುಗಳ ತಲೆಗೆ ಮರದ ಸುತ್ತಿಗೆಯಿಂದ ಒಂದಾದ ಮೇಲೊಂದರಂತೆ ತಟ್ಟಿದೆ. ಮೊದಲ ಹತ್ತು ಪೆಟ್ಟಿಗೆ ಏನೂ ಆಗಲಿಲ್ಲ. ಆಮೇಲೆ ಕೂದಲೆಳೆಯಷ್ಟು ಸಂದು ಕಾಣಿಸಿತು. ಕೊನೆಗೆ ಲಾಕ್ ತಾನಾಗಿ ಅಂಗೈಗೆ ಬಂತು.

ತಿರುಗಿಸಿ ನೋಡಿದೆ. ಹೊರಗಡೆ ಒಣ ಹೊಗೆಸೊಪ್ಪಿನ ಬಣ್ಣವಿದ್ದ ಅದೇ ತಗಡು ಒಳಗಡೆ ಬೆಳ್ಳಿಯ ಹಾಗಿತ್ತು. ಮರಕ್ಕೆ ಒತ್ತಿಕೊಂಡಿದ್ದ ಅಂಚಿನಲ್ಲಿ ಯಂತ್ರ ಕಡೆದ ಗೀರುಗಳು ನಿನ್ನೆ ಮೊನ್ನೆ ಕೆತ್ತಿದಂತೆ ಸಾಲಾಗಿ ಕಾಣುತ್ತಿದ್ದವು. ಎಣ್ಣೆ ಗಟ್ಟಿಯಾಗಿ ಬೆಲ್ಲದ ಪಾಕದ ಹಾಗೆ ಕಂದಾಗಿತ್ತು. ಅದೇ ಒಳಭಾಗವನ್ನು ಕಾಪಾಡಿದೆ. ಭೂತಗನ್ನಡಿ ಹಿಡಿದರೆ ಒಂದೊಂದು ಸಣ್ಣ ಭಾಗದ ಮೇಲೂ ಎಳ್ಳಿನಷ್ಟು ಚಿಕ್ಕ ಅಕ್ಷರ. ಅದು ತಪಾಸಣೆ ಮಾಡಿದವನ ಗುರುತು. ಒಬ್ಬ ಮನುಷ್ಯ ಕಿಟಕಿಯ ಬಳಿ ಕುಳಿತು ಈ ಕೊಂಡಿಯನ್ನು ಅಳತೆಯ ಅಚ್ಚಿನಲ್ಲಿ ಕೂರಿಸಿ ನೋಡಿ, ಒಪ್ಪಿಗೆಯಾಗಿ, ಅಕ್ಷರ ಒತ್ತಿ ಆಚೆಗಿಟ್ಟಿದ್ದಾನೆ. ಆ ಕ್ಷಣದ ನಂತರ ಈ ಭಾಗವನ್ನು ಬೆಳಕಿಗೆ ಹಿಡಿದು ನೋಡಿದವರು ಎಷ್ಟು ಮಂದಿ ಇದ್ದಾರು? ಬಹಳ ಹೊತ್ತು ಹಾಗೆಯೇ ನೋಡುತ್ತ ಕುಳಿತೆ.

ಆ ಬೆಳ್ಳಿಯ ಹೊಳಪು ನನ್ನನ್ನು ಗೊಂದಲಕ್ಕೂ ಕೆಡವಿತು. ಈ ಪಿಸ್ತೂಲುಗಳು ಕಾರ್ಖಾನೆಯಿಂದ ಹೊರಟಾಗ ಹೊರಗಡೆಯೂ ಹೀಗೇ ಹೊಳೆಯುತ್ತಿದ್ದವು. ನೀಲಿ ಬಣ್ಣ, ಕಂದು ಬಣ್ಣ ಯಾವುದನ್ನೂ ಕಟ್ಟುತ್ತಿರಲಿಲ್ಲ. ಕಬ್ಬಿಣವನ್ನು ಬೆಳ್ಳಗೆ ಉಜ್ಜಿ ಕೊಡುವುದೇ ಸೈನ್ಯದ ಕ್ರಮ. ಸಿಪಾಯಿಗಳೂ ಉಜ್ಜುತ್ತಲೇ ಇದ್ದರು. ಹಾಗಾದರೆ ಈ ಕಂದು ಪೊರೆಯನ್ನು ಉಳಿಸಿಕೊಳ್ಳುವುದಕ್ಕೆ ಏನು ಅರ್ಥ? ಹೊಳಪಿಸಿದರೆ ಮೂಲಕ್ಕೆ ಮರಳಿಸಿದಂತೆ ಅಲ್ಲವೇ?

ಉತ್ತರ ಲಾಕಿನ ಮೇಲೆಯೇ ಇತ್ತು. ಕುದುರೆಯ ಮುಂದೆ "ಯು ಎಸ್", ಅದರ ಕೆಳಗೆ "ಎಚ್. ಆಸ್ಟನ್". ಹಿಂದುಗಡೆ ಊರಿನ ಹೆಸರು, ರಾಜ್ಯದ ಹೆಸರು, 1849. ಈ ಮಾದರಿಗೆ ಕ್ರಮಸಂಖ್ಯೆ ಹೊಡೆಯುತ್ತಿರಲಿಲ್ಲ. ಆದ್ದರಿಂದ ಈ ಒಂದು ಪಿಸ್ತೂಲಿನ ಗುರುತು ಏನಿದ್ದರೂ ಈ ಅಕ್ಷರಗಳಲ್ಲಿ, ನಳಿಗೆಯ ಬುಡದ ತಪಾಸಣೆ ಮುದ್ರೆಗಳಲ್ಲಿ, ಮರದ ಮೇಲಿನ ಎರಡು ಒತ್ತುಗಳಲ್ಲಿ ಮಾತ್ರ ಇದೆ. ಅಕ್ಷರಗಳ ಅಂಚು ಉಗುರಿಗೆ ಇನ್ನೂ ತಾಗುತ್ತದೆ. ಕಂದು ಪೊರೆಯೆಂದರೆ ಆ ಅಂಚಿನ ಮೇಲ್ಮೈಯೇ ತುಕ್ಕಾಗಿ ನಿಂತದ್ದು. ಹೊಳಪು ಬರಬೇಕಾದರೆ ಕುಳಿಯ ತಳದ ತನಕ ಕಬ್ಬಿಣವನ್ನು ತೆಗೆಯಬೇಕು. 1849ರ ಹೊಳಪು ಇದ್ದದ್ದು ಈಗ ಇಲ್ಲದ ಕಬ್ಬಿಣದ ಮೇಲೆ. ಉಜ್ಜಿದರೆ ಸಿಗುವುದು ಈ ವರ್ಷದ ಹೊಳಪು, ಅದಕ್ಕೆ ಬೆಲೆಯಾಗಿ ಹೋಗುವುದು ಅಕ್ಷರ.

ನಾಲ್ಕನೆಯ ವಾರ. ತುಕ್ಕಿನಲ್ಲಿ ಎರಡು ಜಾತಿ. ಒಂದು ಗಟ್ಟಿಯಾಗಿ, ನಯವಾಗಿ, ಕಾಫಿ ಬಣ್ಣಕ್ಕೆ ಕೂತುಬಿಟ್ಟದ್ದು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಗೆ ಏನೂ ಹತ್ತುವುದಿಲ್ಲ. ಅದನ್ನು ಮುಟ್ಟಬಾರದು. ಇನ್ನೊಂದು ಕಿತ್ತಳೆ ಬಣ್ಣದ ಪುಡಿ, ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಅದು ಜೀವಂತ ತುಕ್ಕು, ಇನ್ನೂ ತಿನ್ನುತ್ತಿದೆ. ನನ್ನ ಪಿಸ್ತೂಲಿನಲ್ಲಿ ಅದು ನಳಿಗೆಯ ಬಲಗಡೆ ಎರಡು ಇಂಚು ಉದ್ದಕ್ಕೂ, ಗಜದ ಮೇಲೂ ಇತ್ತು. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಹಿತ್ತಾಳೆಯ ಚೂಪು ಪಟ್ಟಿಯಿಂದ ಮೆಲ್ಲನೆ ಕೆರೆದೆ. ಹಿತ್ತಾಳೆ ಕಬ್ಬಿಣಕ್ಕಿಂತ ಮೃದು. ತುಕ್ಕಿನ ಗುಬ್ಬೆಯನ್ನು ಎಬ್ಬಿಸುತ್ತದೆ, ಕೆಳಗಿನ ಲೋಹವನ್ನು ಗೀರುವುದಿಲ್ಲ. ದಿನಕ್ಕೆ ಅರ್ಧ ಗಂಟೆ, ಒಂದು ಅಂಚೆಚೀಟಿಯಷ್ಟು ಜಾಗ.

ಗುರುವಾರ ತಪ್ಪು ಮಾಡಿದೆ. ಕೈ ಸೋತಿತ್ತು, ಹೊತ್ತು ಮೀರಿತ್ತು. ನಳಿಗೆಯ ಬಲಗಡೆ ಒಂದು ಗುಬ್ಬೆ ಹಟ ಮಾಡುತ್ತಿತ್ತು. ಅತಿ ನಯವಾದ ಉಕ್ಕಿನ ಉಣ್ಣೆಯನ್ನು ಎಣ್ಣೆಯಲ್ಲಿ ಅದ್ದಿ ಹತ್ತು ಹದಿನೈದು ಸಲ ತಿಕ್ಕಿದೆ. ಒರೆಸಿ ನೋಡಿದಾಗ ಉಗುರಿನಗಲ ಜಾಗ ಕಣ್ಣು ಕುಕ್ಕುವಂತೆ ಬೆಳ್ಳಗಾಗಿತ್ತು. ಗುಬ್ಬೆಯ ಜೊತೆಗೆ ಸುತ್ತಲಿನ ಒಳ್ಳೆಯ ಪೊರೆಯೂ ಹೋಗಿತ್ತು. ಅದನ್ನು ಮತ್ತೆ ಕಂದಾಗಿಸುವ ರಸಾಯನಗಳು ಅಂಗಡಿಯಲ್ಲಿ ಸಿಗುತ್ತವೆ. ನನಗೆ ಮನಸ್ಸಾಗಲಿಲ್ಲ. ಬಣ್ಣ ಹಚ್ಚಿ ಮುಚ್ಚಿದರೆ ಮುಂದೆ ಇದನ್ನು ಕೈಗೆತ್ತಿಕೊಳ್ಳುವವನಿಗೆ ನಾನು ಸುಳ್ಳು ಹೇಳಿದಂತಾಗುತ್ತದೆ. ಅಂದಿನಿಂದ ರಾತ್ರಿ ಎಂಟರ ಮೇಲೆ ಉಪಕರಣ ಮುಟ್ಟುವುದನ್ನು ಬಿಟ್ಟೆ.

ನಿಪ್ಪಲನ್ನು ತೆಗೆಯಲಿಲ್ಲ. ತುಕ್ಕಿನಿಂದ ಅದು ನಳಿಗೆಯ ಬುಡಕ್ಕೆ ಬೆಸೆದುಕೊಂಡಿದೆ. ಒತ್ತಾಯ ಮಾಡಿದರೆ ಚೌಕ ಅಂಚುಗಳು ದುಂಡಗಾಗುತ್ತವೆ. ನಳಿಗೆಯನ್ನೂ ಮರದಿಂದ ಬಿಡಿಸಲಿಲ್ಲ. ಬಿಡಿಸಿದರೆ ಏನಾದರೂ ಕಲಿಯುತ್ತಿದ್ದೆನೇನೋ, ಮರಕ್ಕೆ ಮಾತ್ರ ಒಳ್ಳೆಯದಾಗುತ್ತಿರಲಿಲ್ಲ.

ಗಜದ ಬಗ್ಗೆ ಒಂದು ಮಾತು. ನಮ್ಮ ಅಜ್ಜನ ಕೋವಿಯ ಗಜವನ್ನು ಎಳೆದರೆ ಪೂರ್ತಿ ಹೊರಗೆ ಬರುತ್ತಿತ್ತು. ಇದರ ಗಜ ಬರುವುದಿಲ್ಲ. ನಳಿಗೆಯ ಬಾಯಿಯ ಕೆಳಗೆ ಎರಡು ಪುಟ್ಟ ಕೈಗಳ ಕೊಂಡಿಯಿದೆ. ಗಜವನ್ನು ಮುಂದಕ್ಕೆ ಎಳೆದು ಹೊರಳಿಸಿದರೆ ಅದು ತಾನಾಗಿ ನಳಿಗೆಯೊಳಗೆ ಇಳಿಯುತ್ತದೆ, ಕೆಲಸ ಮುಗಿದ ಮೇಲೆ ಹಾಗೆಯೇ ಹಿಂದಕ್ಕೆ ಹೋಗುತ್ತದೆ. ಓಡುವ ಕುದುರೆಯ ಮೇಲೆ ಕುಳಿತವನ ಕೈಯಿಂದ ಜಾರಿದರೂ ನೆಲಕ್ಕೆ ಬೀಳುವುದಿಲ್ಲ. ಗಜ ಬಿದ್ದುಹೋದರೆ ಪಿಸ್ತೂಲು ಬರೀ ದೊಣ್ಣೆ! ಆ ಕೊಂಡಿ ತುಕ್ಕಿನಿಂದ ಹಿಡಿದುಕೊಂಡಿತ್ತು. ಐದು ದಿನ ಎಣ್ಣೆ ಬಿಟ್ಟ ಮೇಲೆ ಬೆರಳಿನ ಒತ್ತಡಕ್ಕೇ ಹೊರಳಿತು. ಆರು ವಾರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಗಳಿಗೆ ಅದು.

ಐದನೆಯ ವಾರ, ಹಿತ್ತಾಳೆ ಮತ್ತು ಮರ. ನಳಿಗೆಯನ್ನು ಹಿಡಿದಿರುವ ಬಳೆ, ಟ್ರಿಗರಿನ ಕಾವಲು, ಹಿಡಿಯ ಬುಡದ ಟೋಪಿ ಎಲ್ಲವೂ ಹಿತ್ತಾಳೆ. ವಿಡಿಯೋ ಕರೆಯಲ್ಲಿ ಅಮ್ಮನಿಗೆ ತೋರಿಸಿದೆ. "ದೀಪದ ಕಂಬ ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿಬಿಡೋ, ಬಂಗಾರದ ಹಾಗೆ ಆಗುತ್ತದೆ" ಎಂದರು. ಆಗುತ್ತದೆ, ನಿಜ. ದೀಪ ದಿನವೂ ಬೆಳಗುವ ವಸ್ತು, ಅದಕ್ಕೆ ಹುಣಸೆಹಣ್ಣೇ ಸರಿ. ಇಲ್ಲಿ ಹುಣಸೆಯ ಹುಳಿ ನೂರೈವತ್ತಕ್ಕೂ ಹೆಚ್ಚು ವರ್ಷದ ಜೇನುಬಣ್ಣವನ್ನು ಒಂದೇ ನಿಮಿಷದಲ್ಲಿ ತೊಳೆದುಹಾಕುತ್ತದೆ. ಅಂಗಡಿಯ ಪಾಲಿಶ್ ಆದರೆ ಮರದ ಸಂದಿನಲ್ಲಿ ಬಿಳಿ ಪುಡಿಯಾಗಿ ಕೂತುಬಿಡುತ್ತದೆ. ಟೋಪಿಯ ಅಂಚಿನಲ್ಲಿ ಹಸಿರು ಕಿಲುಬು ಇದ್ದ ಕಡೆ ಮಾತ್ರ ಬಿದಿರಿನ ಹಲ್ಲುಕಡ್ಡಿಯಿಂದ ಬಿಡಿಸಿ, ಉಳಿದದ್ದನ್ನು ಒಣ ಬಟ್ಟೆಯಲ್ಲಿ ಒರೆಸಿ ಬಿಟ್ಟೆ. ಅಮ್ಮನಿಗೆ ಇನ್ನೂ ಸಮಾಧಾನವಾಗಿಲ್ಲ.

ವಾಲ್ನಟ್ ಮರದ ಎಡಮೈಯಲ್ಲಿ ಎರಡು ಒತ್ತುಗಳಿವೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮರದ ಮೈಗೆ ಸಮನಾಗಿ ಮಲಗಿಸಿ ಬೆಳಕು ಬಿಟ್ಟೆ. ಅಂಡಾಕಾರದ ಗೆರೆ ಎದ್ದು ಬಂತು, ಅದರೊಳಗೆ ಓರೆ ಅಕ್ಷರಗಳು: ಡಬ್ಲ್ಯೂ, ಎ, ಟಿ. ಸೈನ್ಯದ ಆಯುಧ ವಿಭಾಗದ ಅಧಿಕಾರಿ ವಿಲಿಯಂ ಥಾರ್ನ್‌ಟನ್ ಅವರ ಒಪ್ಪಿಗೆಯ ಮುದ್ರೆ. ಮರಕ್ಕೆ ಉಪ್ಪುಕಾಗದ ತಾಗಿಸಿದ್ದರೆ ಇದು ಎಂದೋ ಹೋಗುತ್ತಿತ್ತು. ಹತ್ತಿಯ ತುದಿಗೆ ಖನಿಜ ಸ್ಪಿರಿಟ್ ಮುಟ್ಟಿಸಿ ಜಿಡ್ಡನ್ನಷ್ಟೇ ತೆಗೆದೆ. ಅಗಸೆ ಎಣ್ಣೆ ಹಚ್ಚಲು ಹಲವರು ಹೇಳುತ್ತಾರೆ. ಮೊದಲ ದಿನ ಮರ ಬಹಳ ಚೆನ್ನಾಗಿ ಕಾಣುತ್ತದೆ, ವರ್ಷಗಳು ಕಳೆದಂತೆ ಅಂಟಾಗಿ ಕಪ್ಪಾಗಿ ಮುದ್ರೆಯನ್ನೇ ತುಂಬಿಬಿಡುತ್ತದೆ.

ಲಾಕಿನ ಹಿಂದೆ ಒಂದೂವರೆ ಇಂಚಿನ ಸೀಳು ಇತ್ತು. ಹಳೆಯ ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲವಾದ್ದರಿಂದ ಮೊದಲು ಸೀಳಿನ ಒಳಗನ್ನು ಸ್ಪಿರಿಟಿನಲ್ಲಿ ತೊಳೆದು ಒಂದು ವಾರ ಒಣಗಲು ಬಿಟ್ಟಿದ್ದೆ. ಅಂಟಿಗೆ ಸರೇಸನ್ನೇ ಬಳಸಿದೆ, ಬಡಗಿಗಳು ಹಿಂದೆ ಬಳಸುತ್ತಿದ್ದ ಚರ್ಮದ ಅಂಟು. ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಸುಮಾರು 60 ಡಿಗ್ರಿಗೆ ಕಾಯಿಸಿ, ತೆಳು ಕಾಗದದ ಅಂಚಿನಿಂದ ಸೀಳಿನೊಳಗೆ ಇಳಿಸಿದೆ. ಮೇಲೆ ಹತ್ತಿಯ ಪಟ್ಟಿ ಬಿಗಿದು ಎರಡು ದಿನ. ಎಪಾಕ್ಸಿ ಇದಕ್ಕಿಂತ ಗಟ್ಟಿ, ಆದರೆ ಒಮ್ಮೆ ಹಾಕಿದ ಮೇಲೆ ತೆಗೆಯುವ ಹಾಗಿಲ್ಲ. ಸರೇಸನ್ನು ನಾಳೆ ಯಾರಾದರೂ ಬಿಸಿನೀರಿನಲ್ಲಿ ಬಿಡಿಸಬಹುದು.

ಈ ನಡುವೆ ಪಕ್ಕದ ಊರಿನ ಮೇಳವೊಂದರಲ್ಲಿ ಇದೇ ಮಾದರಿಯ ಇನ್ನೊಂದು ಪಿಸ್ತೂಲು ನೋಡಿದೆ. ಲಾಕಿನ ಮೇಲೆ ತಾಳೆಮರದ ಚಿಹ್ನೆ. ದಕ್ಷಿಣ ಕೆರೊಲಿನಾದ ಕೊಲಂಬಿಯಾದಲ್ಲಿ ಪಾಲ್ಮೆಟೋ ಆರ್ಮರಿ ಎಂಬ ಆಯುಧ ಕಾರ್ಖಾನೆ 1852ರ ಸುಮಾರಿಗೆ ತನ್ನ ರಾಜ್ಯಕ್ಕೆಂದು ಇವನ್ನು ಮಾಡಿತ್ತು, ಹೆಚ್ಚೆಂದರೆ ಸಾವಿರದಷ್ಟು. ಅದಕ್ಕೇ ಆಸ್ಟನ್ ಗುರುತನ್ನು ಅಳಿಸಿ ತಾಳೆಮರ ಒತ್ತಿದ ನಕಲಿಗಳು ಬಹಳ. ಅಂದು ನೋಡಿದ್ದರಲ್ಲಿ ಅಕ್ಷರಗಳು ಮಾತ್ರ ಚೂಪಾಗಿದ್ದವು, ಅವುಗಳ ಸುತ್ತಲಿನ ಲೋಹ ಅಂಗೈಯಂತೆ ಸ್ವಲ್ಪ ತಗ್ಗಿತ್ತು. ಅಳಿಸಿ ಒತ್ತಿದ್ದಕ್ಕೆ ಅಷ್ಟು ಸಾಕ್ಷಿ ಸಾಕು ಎನಿಸಿ ಕೈಯಲ್ಲಿ ಹಿಡಿದದ್ದನ್ನು ಕೆಳಗಿಟ್ಟು ಬಂದೆ. ಒಂದು ಲಾಕಿನ ಒಳಹೊರಗನ್ನು ವಾರಗಟ್ಟಲೆ ನೋಡಿದ್ದರಿಂದಲೇ ಅದು ನನ್ನ ಕಣ್ಣಿಗೆ ಬಿತ್ತು.

ಆರನೆಯ ವಾರ. ಲಾಕಿನ ಒಳಗೆ ತೆಳುವಾಗಿ ಎಣ್ಣೆ, ಹೊರಗಿನ ಕಬ್ಬಿಣ, ಹಿತ್ತಾಳೆ, ಮರ ಮೂರಕ್ಕೂ ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪಿಸಿದ ರೆನೆಸಾನ್ಸ್ ಮೇಣ. ಬೆರಳ ತುದಿಯಲ್ಲಿ ಸಾಸಿವೆಯಷ್ಟು ತೆಗೆದುಕೊಂಡು ಹರಡಿ, ಹತ್ತು ನಿಮಿಷ ಬಿಟ್ಟು, ಹಳೆಯ ಪಂಚೆಯ ತುಂಡಿನಿಂದ ಒರೆಸಿದೆ. ಎರಡು ತಿರುಪುಗಳೂ ತಮ್ಮ ತಮ್ಮ ಜಾಗಕ್ಕೇ ಹೋದವು. ಕುದುರೆಯನ್ನು ನಿಪ್ಪಲ್‌ನ ಮೇಲೆ ಬಡಿಯದಂತೆ ಹೆಬ್ಬೆರಳಲ್ಲಿ ಹಿಡಿದು ಇಳಿಸಿದೆ.

ಇಡುವುದಕ್ಕೆ ಚರ್ಮದ ಚೀಲ ಬೇಡ. ಚರ್ಮ ಹದಮಾಡಿದ ಆಮ್ಲ, ಅದು ಹೀರುವ ತೇವ, ಎರಡೂ ಕಬ್ಬಿಣಕ್ಕೆ ಶತ್ರು. ಪಾಲಿಥೀನ್ ಫೋಮಿನಲ್ಲಿ ಪಿಸ್ತೂಲಿನ ಆಕಾರಕ್ಕೆ ಗುಂಡಿ ಕತ್ತರಿಸಿ, ತೇವದ ಮಾಪಕ ಒಂದನ್ನು ಪಕ್ಕದಲ್ಲಿಟ್ಟು, ಬೀಗವಿರುವ ಸೆಳೆಖಾನೆಗೆ ಹಾಕಿದೆ. ಮೂರು ದಿನದಿಂದ ಅದು ಶೇಕಡಾ 47 ಮತ್ತು 49ರ ನಡುವೆ ನಿಂತಿದೆ.

ಜೊತೆಗೆ ಒಂದು ಚೀಟಿ ಇಟ್ಟಿದ್ದೇನೆ. ನಳಿಗೆಯೊಳಗೆ ಕುಂಬಾರ ಹುಳದ ಗೂಡು ಇತ್ತು, ತೆಗೆಸಲಾಗಿದೆ. ಹಿಂದಿನ ತಿರುಪು ಮೂಲದ್ದಲ್ಲ, ಬಹಳ ಹಳೆಯದು. ನಿಪ್ಪಲ್ ಬಿಡಿಸಿಲ್ಲ. ಸೀಳಿಗೆ ಸರೇಸು. ನಳಿಗೆಯ ಬಲಗಡೆ, ಬಾಯಿಯಿಂದ ಮೂರು ಇಂಚು ಹಿಂದೆ ಉಗುರಿನಗಲದ ಬಿಳಿ ಜಾಗ ನನ್ನ ಕೈ ತಪ್ಪಿನಿಂದ ಆದದ್ದು. ಕೆಳಗೆ ತಾರೀಖು ಹಾಕಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಹಿ ಮಾಡಿದ್ದೇನೆ.